ಸೊನ್ನೆ ನುಂಗಿದ ಗಂಗರು

ನಮ್ಮ ಮಾವ ಟಿ. ನರಸೀಪುರದವರು, ನಿವೃತ್ತ ಮೇಷ್ಟ್ರು. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ಶಾಸನಗಳ ವಿವರವನ್ನು ಊರುವಾರು ಟೈಪ್ ಮಾಡಿಟ್ಟಿದ್ದಾರೆ. ಹುಡುಕೋಕೆ ಸುಲಭವಾಗಲಿ ಅಂತ ನಾನೊಂದು ಪುಟ್ಟ ತಂತ್ರಾಂಶ ಬರೆದುಕೊಟ್ಟೆ. ಮೊದಲು "ಗಂಗ" ಅಂತ ಹುಡುಕಿದರು. ಬಂದಿದ್ದು ಬೆರಳೆಣಿಕೆಯಷ್ಟು! ಗಂಗರ ರಾಜಧಾನಿ ತಲಕಾಡು ಇರೋದೇ ನರಸೀಪುರ ತಾಲ್ಲೂಕಲ್ಲಿ. "ಇಷ್ಟು ವರ್ಷ ಮಾಡಿದ್ದೆಲ್ಲಾ ಎಲ್ಲಿ ಹೋಯ್ತಪ್ಪಾ?" ಅಂದರು. ಅವರ ಮುಖ ನೋಡೋಕಾಗಲಿಲ್ಲ.

ಕಾರಣ ಸಿಕ್ಕಿದ್ದು ಅವತ್ತು ರಾತ್ರಿ. ಅನುಸ್ವಾರದ ಜಾಗದಲ್ಲೆಲ್ಲಾ ಕನ್ನಡದ ಸೊನ್ನೆ ಕೂತಿತ್ತು. ಗಂಗ, ಗ೦ಗ... ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. (ನಿಮ್ಮ ಹಳೇ ಬರಹಗಳಲ್ಲೂ ಒಮ್ಮೆ ಹುಡುಕಿ ನೋಡಿ :-))

ಇಂಥ ಕಸ ಹೆಕ್ಕೋ ಸಲಕರಣೆಗೆ ಲಿಂಟ್ ಅಂತಾರೆ. ಬಟ್ಟೆಗೆ ಅಂಟಿದ ನೂಲಿನ ಚೂರು ಅಂತ ಆ ಪದದ ಅರ್ಥ. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗೆಂದು ಮಾಡಿದ ಲಿಂಟ್ ಬಗ್ಗೆ 1978ರಲ್ಲಿ ಬರೆದರು. 2013ರಲ್ಲಿ ನಿಕೋಲಸ್ ಝಾಕಸ್ ಶುರುಮಾಡಿದ ಇಎಸ್‌ಲಿಂಟ್‌ನಲ್ಲಿ ನಮ್ಮದೇ ನಿಯಮಗಳನ್ನು ಪ್ಲಗಿನ್ ಆಗಿ ಸೇರಿಸಬಹುದು. ಮಾವನ ಪಟ್ಟಿಯೂ ಜಾವಾಸ್ಕ್ರಿಪ್ಟ್ ಫೈಲಿನಲ್ಲೇ ಇತ್ತಲ್ಲ, ಪಕ್ಕದಲ್ಲೇ ಇನ್ನೊಂದು ಫೈಲಿನಲ್ಲಿ ನಿಯಮ ಬರೆದು, ಕಾನ್ಫಿಗ್‌ನಲ್ಲಿ ಅದರ ಹೆಸರು ಕೊಟ್ಟೆ. ಅಷ್ಟೇ ಪ್ಲಗಿನ್.

ಮೊದಲ ನಿಯಮ: ಅಕ್ಷರದ ಹಿಂದೆಯೇ ಸೊನ್ನೆ ಬಂದರೆ ಅನುಸ್ವಾರ ಮಾಡು, ಅಂಕಿಯ ಹಿಂದೆ ಬಂದರೆ ಬಿಡು. ಗಂಗರು ವಾಪಸ್ ಬಂದರು.

ಹುರುಪಿನಲ್ಲಿ ಎರಡನೇ ನಿಯಮ ಬರೆದೆ: ಇವತ್ತಿನ ವರ್ಣಮಾಲೆಯಲ್ಲಿ ಇಲ್ಲದ ಅಕ್ಷರವೆಲ್ಲ ತಪ್ಪು. ಪರದೆ ತುಂಬಾ ಕೆಂಪು! ಎಲ್ಲಾ ಱ, ೞ. "ಅದು ತಪ್ಪಲ್ಲ ಕಣಪ್ಪಾ, ಕಲ್ಲಲ್ಲಿ ಇರೋದೇ ಹಂಗೆ" ಅಂದರು ಮಾವ. ನಿಯಮ ಕಿತ್ತುಹಾಕಿದೆ. ಅಂದಹಾಗೆ, ಈ ೞ ಅಕ್ಷರಕ್ಕೆ ಯುನಿಕೋಡ್ ಇಟ್ಟ ಹೆಸರು "ಕನ್ನಡ ಲೆಟರ್ ಫಾ"! ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲವಂತೆ. ಹಾಗಾಗಿ ತಪ್ಪು ಹಾಗೇ ಉಳಿದಿದೆ, ಸರಿಯಾದ ಹೆಸರು ಅಡ್ಡಹೆಸರಾಗಿ ಪಕ್ಕದಲ್ಲಿ ಕೂತಿದೆ.

ನಿಜವಾಗಿ ಕಾಡಿದ್ದು ಮೂರನೆಯದು. ಬಿ.ಎಲ್. ರೈಸ್ 1894ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಮೂರನೇ ಸಂಪುಟದಲ್ಲಿ ಎರಡೂ ತಾಲ್ಲೂಕು ಒಟ್ಟಿಗಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿದಾಗ ನಂಜನಗೂಡು 1974ರ ಮೂರನೇ ಸಂಪುಟಕ್ಕೆ, ನರಸೀಪುರ 1976ರ ಐದನೆಯದಕ್ಕೆ ಹೋದವು. ಶಾಸನದ ಸಂಖ್ಯೆಗಳೂ ಬದಲಾದವು. ಹಾಗಾಗಿ "ನರಸೀಪುರ, ಸಂಪುಟ 3" ಅಂದರೆ ರೈಸ್ ಅವರದ್ದೇ. "ನಂಜನಗೂಡು, ಸಂಪುಟ 3" ಅಂದರೆ? ಎರಡರಲ್ಲಿ ಯಾವುದೂ ಆಗಬಹುದು! ಸಂಖ್ಯೆ ಹಿಡಿದು ಹೋದವನು ಬೇರೆ ಯಾವುದೋ ಊರಿನ ಕಲ್ಲಿನ ಮುಂದೆ ನಿಲ್ಲುತ್ತಾನೆ.

ಇದನ್ನು ಪ್ಲಗಿನ್ ತಾನೇ ತಿದ್ದೋಕಾಗಲ್ಲ. ಇಸವಿ ಇಲ್ಲದಿದ್ದರೆ ಎಚ್ಚರಿಕೆ ಕೊಟ್ಟು ಸುಮ್ಮನಾಗು ಅಂತ ಬರೆದೆ. ಸಾಲುಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ ಮಾವನಿಗೆ ಕೊಟ್ಟಿದ್ದೀನಿ. ಎರಡೂ ಸಂಪುಟ ಮುಂದಿಟ್ಟುಕೊಂಡು ಕೂತಿದ್ದಾರೆ, ನಿನ್ನೆ ಹೆಡತಲೆ ಮುಗೀತಂತೆ.