ನಗರದ ನೀರಿಗೆ ಆಪದ್ಧನ

ಕುಂಬ್ರವೆಂಬ ಊರಿನ ಹೆಸರನ್ನು ನಮ್ಮ ಶ್ರೋತೃಗಳಲ್ಲಿ ಬಹುಮಂದಿ ಕೇಳಿರಲಾರರು. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಸಣ್ಣ ಪೇಟೆಯದು. ಆ ಸೀಮೆಯ ಅಡಕೆಯ ತೋಟಗಳಲ್ಲಿ ಸುರಂಗವೆಂಬ ಹಳೆಯ ಜಲಸಾಧನವೊಂದುಂಟು. ಗುಡ್ಡದ ಮುರಕಲ್ಲಿನೊಳಕ್ಕೆ, ಒಬ್ಬ ಆಳು ಹೊಕ್ಕು ನಡೆಯುವಷ್ಟು ಅಗಲವಾಗಿ, ಅಡ್ಡಲಾಗಿ ತೋಡುತ್ತ ಹೋಗುತ್ತಾರೆ. ಒರತೆ ಸಿಕ್ಕಿದೊಡನೆ ನೀರು ತಾನಾಗಿ ಹೊರಕ್ಕೆ ಹರಿದು ತೋಟದ ತೊಟ್ಟಿಯನ್ನು ತುಂಬುತ್ತದೆ. ಈ ನೀರಿಗೆ ಯಂತ್ರ ಬೇಡ, ತಂತಿ ಬೇಡ. ಆಷಾಢದ ಗಾಳಿಗೆ ಮರ ಮುರಿದುಬಿದ್ದು ಊರೆಲ್ಲ ಕತ್ತಲಾದ ರಾತ್ರಿಯಲ್ಲಿಯೂ ಅದು ನಿಲ್ಲದೆ ಹರಿಯುತ್ತದೆ.

ಆದರೆ ನೆರೆಯ ಪುತ್ತೂರು ಪಟ್ಟಣಕ್ಕೆ ಈ ಭಾಗ್ಯವಿಲ್ಲ. ಅಲ್ಲಿಯವರು ಕುಡಿಯುವ ನೀರು ಉಪ್ಪಿನಂಗಡಿಯ ಸಮೀಪದ ನೆಕ್ಕಿಲಾಡಿಯಲ್ಲಿ ಕುಮಾರಧಾರೆಯಿಂದ ಎತ್ತಲ್ಪಟ್ಟು ಬರುವಂಥದು. ಇಳಿದು ಬರುವ ನೀರು ಒಂದು ಬಗೆ, ಎತ್ತಿ ತರುವ ನೀರು ಇನ್ನೊಂದು ಬಗೆ. ಎತ್ತಿ ತರುವ ನೀರನ್ನು ನೆಚ್ಚಿದ ಊರು ಆ ಎತ್ತುವ ಶಕ್ತಿಗೂ ಅಧೀನವಾಗುತ್ತದೆ. ಆ ಶಕ್ತಿ ಕೈಕೊಟ್ಟ ದಿನಕ್ಕೆ ಏನು ಗತಿ? ಗೃಹಸ್ಥನಾದವನು ಆಪದ್ಧನವನ್ನು ಬೇರೆಯಾಗಿ ತೆಗೆದಿಡುವಂತೆ ನಗರವೂ ಶಕ್ತಿಯ ಆಪದ್ಧನವನ್ನಿಡಬೇಕಲ್ಲವೆ? ನಮ್ಮ ನಾಡಿನ ಇತಿಹಾಸದಿಂದ ಈ ಪ್ರಶ್ನೆಗೆ ದೊರೆಯುವ ಉತ್ತರವನ್ನು ಈ ಹೊತ್ತು ವಿಚಾರಮಾಡೋಣ.

ಬೆಂಗಳೂರು ಬಹುಕಾಲ ಕೆರೆ ಬಾವಿಗಳಿಂದಲೇ ಬಾಳಿದ ಪಟ್ಟಣ. 1896ರಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ನೀರು ತರುವ ಏರ್ಪಾಡು ನೆರವೇರಿತು. ಕೆರೆಯಿಂದ ಸೋಲದೇವನಹಳ್ಳಿಯವರೆಗೆ ನೀರು ಇಳಿಜಾರಿನಲ್ಲಿಯೇ ಹರಿಯುತ್ತಿತ್ತು. ಅಲ್ಲಿಂದ ಅದನ್ನು ನಗರದ ಎತ್ತರಕ್ಕೆ ಏರಿಸುವುದಕ್ಕೆ ಉಗಿಯಂತ್ರಗಳನ್ನು ಸ್ಥಾಪಿಸಿದರು. ಉಗಿಯಂತ್ರದಲ್ಲಿ ಹೊಗೆಯೂ ಉಂಟು, ವೆಚ್ಚವೂ ಉಂಟು. ಆದರೆ ಒಂದು ಗುಣವನ್ನು ಮರೆಯಲಾಗದು: ಅದರ ಶಕ್ತಿ ಅದರ ಅಂಗಳದಲ್ಲಿಯೇ ರಾಶಿಬಿದ್ದಿರುತ್ತದೆ. ಉರುವಲು ಇರುವವರೆಗೆ ಯಾರ ಹಂಗೂ ಇಲ್ಲ.

1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ ಬಂದಿತು. ಕ್ರಮೇಣ ನೀರೆತ್ತುವ ಕೆಲಸವೂ ಉಗಿಯ ಕೈಯಿಂದ ವಿದ್ಯುತ್ತಿನ ಕೈಗೆ ಬಂದಿತು. ಇದರಿಂದಾದ ಉಪಕಾರ ಅಪಾರವಾದುದು. ಆದರೆ ಅಂದಿನಿಂದ ಪಂಪಿನ ಶಕ್ತಿ ಪಂಪಿನ ಬಳಿಯಲ್ಲಿ ಉಳಿಯಲಿಲ್ಲ. ಹತ್ತಾರು ಮೈಲಿಯಾಚೆಯ ಹೊಳೆಯನ್ನೂ ನಡುವಣ ತಂತಿಯನ್ನೂ ಅದು ಅವಲಂಬಿಸಿತು. ಬೇಸಗೆಯಲ್ಲಿ ಕಾವೇರಿ ಬಡವಾದರೆ ಶಿವನಸಮುದ್ರದ ಚಕ್ರಗಳೂ ಬಡವಾಗುತ್ತಿದ್ದುವು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾದುದಕ್ಕೆ ವ್ಯವಸಾಯದೊಡನೆ ಇದೂ ಒಂದು ಮುಖ್ಯ ಕಾರಣ. ಮಳೆಗಾಲದ ನೀರನ್ನು ಕೂಡಿಟ್ಟುಕೊಂಡು ಬೇಸಗೆಯಲ್ಲಿ ಬಿಡುವುದೆಂದರೆ ಅದೂ ಶಕ್ತಿಯ ಆಪದ್ಧನವೇ.

1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವೂ, 1974ರಿಂದ ಹಂತಹಂತವಾಗಿ ಕಾವೇರಿಯ ನೀರೂ ಬೆಂಗಳೂರಿಗೆ ಬಂದುವು. ಕಾವೇರಿಯ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳನ್ನೇರಿ, ಒಟ್ಟು ಸುಮಾರು 500 ಮೀಟರು ಎತ್ತರವನ್ನು ದಾಟಿ ನಗರವನ್ನು ಸೇರಬೇಕು. ಸಾವಿರ ಲೀಟರು ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಯಂತ್ರದ ನಷ್ಟವನ್ನು ಬಿಟ್ಟರೂ, ಸುಮಾರು 1.36 ಯೂನಿಟ್ ವಿದ್ಯುತ್ತು ಬೇಕು. 2024ರ ಐದನೆಯ ಹಂತಕ್ಕೆ ಮುಂಚೆ ಹೀಗೆ ಬರುತ್ತಿದ್ದ ನೀರು ದಿನಕ್ಕೆ ಸುಮಾರು 145 ಕೋಟಿ ಲೀಟರು. ಅಷ್ಟನ್ನು ಡೀಸೆಲ್ ಯಂತ್ರಗಳಿಂದಲೇ ಎತ್ತುವೆವೆಂದರೆ ಒಂದು ದಿನಕ್ಕೆ ಐದು ಲಕ್ಷ ಲೀಟರಿಗೂ ಮೀರಿದ ಎಣ್ಣೆ ಬೇಕಾದೀತು! ಆದುದರಿಂದ ಇಂಥ ಮಹಾಸ್ಥಾವರಕ್ಕೆ ಎಣ್ಣೆಯ ಯಂತ್ರ ಆಪದ್ಧನವಾಗಲಾರದು. ಬೇರೆ ಬೇರೆ ದಿಕ್ಕಿನಿಂದ ಬರುವ ಎರಡು ವಿದ್ಯುನ್ಮಾರ್ಗಗಳೂ, ನಗರದ ಎತ್ತರದ ತೊಟ್ಟಿಗಳಲ್ಲಿ ತುಂಬಿಟ್ಟ ನೀರೂ ಅದಕ್ಕೆ ದಾರಿ. ನಿನ್ನೆ ಮೇಲಕ್ಕೇರಿದ ನೀರು ಇಂದು ಯಾರ ಸಹಾಯವೂ ಇಲ್ಲದೆ ಇಳಿದು ಬರುತ್ತದೆ. ಸಣ್ಣ ಪಟ್ಟಣದ ಮಾತು ಬೇರೆ. ಅಲ್ಲಿ ಎತ್ತಬೇಕಾದ ನೀರೂ ಕಡಿಮೆ, ಎತ್ತರವೂ ಕಡಿಮೆ. ಒಂದು ಡೀಸೆಲ್ ಜನರೇಟರು ಊರಿನ ಮಾನವನ್ನು ಕಾಪಾಡಬಲ್ಲದು.

ಕುಡಿಯುವ ನೀರಿಗಾದರೆ ತೊಟ್ಟಿಯ ಆಸರೆಯುಂಟು. ಒಳಚರಂಡಿಗೆ ಅದೂ ಇಲ್ಲ. ಮಂಗಳೂರಿನಂತಹ ಏರುತಗ್ಗಿನ ಊರಿನಲ್ಲಿ ಕೊಳಚೆನೀರು ತಗ್ಗಿನ ಬಾವಿಗಳಿಗೆ ಇಳಿದು, ಅಲ್ಲಿಂದ ಪಂಪಿನ ಮೂಲಕ ಮೇಲೇರಬೇಕು. ಕುಡಿಯುವ ನೀರಿನ ಪಂಪು ನಿಂತರೆ ನಲ್ಲಿ ಒಣಗುತ್ತದೆ, ಅಷ್ಟೆ. ಕೊಳಚೆಯ ಪಂಪು ನಿಂತರೆ ಬರುವುದು ನಿಲ್ಲುವುದಿಲ್ಲ. ಬಾವಿ ತುಂಬಿ ಬೀದಿಗೋ ತೋಡಿಗೋ ಮನೆಬಾವಿಗೋ ಹರಿಯುತ್ತದೆ. ಅದೂ ಮಳೆಗಾಲದಲ್ಲಿ! ಚರಂಡಿಗೆ ಮಳೆನೀರು ನುಗ್ಗುವ ಹೊತ್ತೂ, ಗಾಳಿಗೆ ತಂತಿ ಹರಿಯುವ ಹೊತ್ತೂ ಒಂದೇ. 2003ನೆಯ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲಿ ವಿದ್ಯುತ್ತು ಕುಸಿದಾಗ ಕ್ಲೀವ್‌ಲೆಂಡ್ ನಗರದ ನಲ್ಲಿಗಳು ಬತ್ತಿದುವು. ನ್ಯೂಯಾರ್ಕಿನ ಕೋಟ್ಯಂತರ ಗ್ಯಾಲನ್ ಕೊಳಚೆ ಶುದ್ಧಿಯಾಗದೆ ಸುತ್ತಣ ನೀರನ್ನು ಸೇರಿತು. ಐಶ್ವರ್ಯವಂತವಾದ ದೇಶವೂ ಈ ನಿಯಮಕ್ಕೆ ಹೊರತಲ್ಲ.

ಆಪದ್ಧನವನ್ನು ಇಟ್ಟರೆ ಸಾಲದು, ಎಲ್ಲಿ ಇಟ್ಟೆವೆಂಬುದನ್ನೂ ನೋಡಬೇಕು. 2022ನೆಯ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಯಂತ್ರಾಲಯಕ್ಕೆ ಮಳೆಯ ಪ್ರವಾಹ ನುಗ್ಗಿ, ಬೆಂಗಳೂರಿನ ಅನೇಕ ಬಡಾವಣೆಗಳಿಗೆ ನೀರು ನಿಂತುಹೋಯಿತು. ಅಲ್ಲಿ ಮುಳುಗಿದುದು ಯಂತ್ರವೇ. ಪಂಪಿನೊಡನೆ ಅದೇ ಹಳ್ಳದಲ್ಲಿ ಮುಳುಗುವ ಜನರೇಟರಿನಿಂದ ಯಾವ ಪ್ರಯೋಜನವೂ ಇಲ್ಲ. ಒಂದೇ ಕಂಬವನ್ನು ಹಿಡಿದು ಬರುವ ಎರಡು ತಂತಿಗಳು ಲೆಕ್ಕಕ್ಕೆ ಎರಡು, ಆಪತ್ತಿಗೆ ಒಂದೇ. ಒಂದನ್ನು ಕೆಡಿಸುವ ಕಾರಣ ಇನ್ನೊಂದನ್ನು ಮುಟ್ಟದಂತಿರಬೇಕು.

ಇದರ ಜೊತೆಗೆ ಇನ್ನೊಂದು ಮಾತುಂಟು. ಹೊಸ ಶಕ್ತಿ ಅಗ್ಗವಾಗಿ ಬಂದಾಗ ಹಳೆಯದನ್ನು ಮೂಲೆಗೆ ತಳ್ಳುವುದು ಮನುಷ್ಯಸ್ವಭಾವ. ತೋಟಕ್ಕೆ ಕರೆಂಟು ಬಂದ ಮೇಲೆ ಡೀಸೆಲ್ ಪಂಪು ಕೊಟ್ಟಿಗೆ ಸೇರುತ್ತದೆ. ವರ್ಷವಿಡೀ ಮುಟ್ಟದ ಆ ಯಂತ್ರ, ಬೇಕಾದ ದಿನ ಹೊರಡುವುದಿಲ್ಲ. ನಗರದ ಜನರೇಟರಿನ ಗತಿಯೂ ಹಾಗೆಯೇ. ಎಣ್ಣೆ ಹಾಕಿ, ಬ್ಯಾಟರಿ ನೋಡಿ, ಪಂಪಿನ ಭಾರವನ್ನು ಹೊರಿಸಿ ಆಗಾಗ ಓಡಿಸದ ಯಂತ್ರ ಕೇವಲ ಪ್ರದರ್ಶನದ ವಸ್ತು.

ನಗರಸಭೆಯ ಆಯವ್ಯಯವನ್ನು ಪರಿಶೀಲಿಸುವ ಸಭ್ಯರಿಗೆ ಈ ವೆಚ್ಚ ವ್ಯರ್ಥವೆಂದು ತೋರುವುದು ಸಹಜ. ಏಕೆಂದರೆ ಅದರ ಫಲ ವರ್ಷದಲ್ಲಿ ಎರಡು ಮೂರು ದಿನ ಮಾತ್ರ ಕಾಣುವಂಥದು. ಆದರೆ ಆ ಎರಡು ಮೂರು ದಿನಗಳಲ್ಲಿಯೇ ಆಸ್ಪತ್ರೆಯ ರೋಗಿಯೂ, ತಗ್ಗಿನ ಬೀದಿಯ ಬಡವನೂ ನಗರವನ್ನು ಪರೀಕ್ಷಿಸುತ್ತಾರೆ. ಕುಂಬ್ರದ ಸೀಮೆಯ ಸುರಂಗವನ್ನು ತೋಡಿದ ಹಿರಿಯರು ಯಾರ ಹಂಗೂ ಇಲ್ಲದ ನೀರನ್ನು ಮಕ್ಕಳಿಗೆ ಬಿಟ್ಟುಹೋದರು. ಎತ್ತುವ ನೀರನ್ನೇ ನೆಚ್ಚಬೇಕಾದ ನಾವು, ಒಂದೇ ಹಂಗಿಗೆ ಸಿಲುಕದ ನೀರನ್ನಾದರೂ ಬಿಟ್ಟುಹೋಗುವುದು ಉಚಿತವಾದೀತು.