ಜೀವಕ್ಕೆ ಬೆಲೆ ಕಟ್ಟಿದ ಕಥೆ

ರಸ್ತೆ ಅಪಘಾತದಲ್ಲಿ ಸತ್ತವರ ಮನೆಯವರು ಪರಿಹಾರಕ್ಕೆ ಕೇಸು ಹಾಕಿದರೆ "ಹೆಣದ ಮೇಲೆ ದುಡ್ಡು ಎಣಿಸ್ತಾರೆ" ಅಂತ ಆಡಿಕೊಳ್ಳುವವರನ್ನು ನೀವೂ ನೋಡಿರುತ್ತೀರಿ. ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈ ಹಕ್ಕು ಪುಕ್ಕಟೆ ಸಿಕ್ಕಿದ್ದಲ್ಲ ಸ್ವಾಮಿ.

1808ರ ಇಂಗ್ಲೆಂಡಿಗೆ ಹೋಗಿ. ಬಾಡಿಗೆಯ ಕುದುರೆ ಬಂಡಿ ಮಗುಚಿ, ಬೇಕರ್ ಎಂಬಾತನ ಹೆಂಡತಿ ಸುಮಾರು ತಿಂಗಳು ನರಳಿ ಸತ್ತಳು. ಗಂಡ ದಾವೆ ಹೂಡಿದ. ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ ಏನೆಂದ ಗೊತ್ತೇ? ಆಕೆ ಬದುಕಿದ್ದಷ್ಟು ದಿನದ ನಷ್ಟ ಕೇಳಬಹುದು, ಸಾವಿಗೆ ಮಾತ್ರ ಕೇಳುವ ಹಾಗಿಲ್ಲ! ಅಂದರೆ ಕಾಲು ಮುರಿದವನು ದುಡ್ಡು ಕಟ್ಟಬೇಕು, ಕೊಂದವನು ಕಟ್ಟಬೇಕಿಲ್ಲ. ರೈಲು ಬಂದು ಸಾವುಗಳು ಹೆಚ್ಚಿದ ಮೇಲೆ, 1846ರಲ್ಲಿ ಅಲ್ಲಿನ ಸಂಸತ್ತು ಕಾಯ್ದೆ ಮಾಡಿ ಇದನ್ನು ಸರಿಪಡಿಸಿತು. ಅದರ ಜಾಡಿನಲ್ಲೇ ನಮ್ಮ 1855ರ ಕಾಯ್ದೆ ಬಂತು.

ಆ ಕಾಯ್ದೆಯಲ್ಲಿ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳಿಗಷ್ಟೇ ಜಾಗ. ಅಣ್ಣತಮ್ಮಂದಿರು ಹೊರಗೆ! ಕೂಡುಕುಟುಂಬದ ನಾಡಿನಲ್ಲಿ ಇದೆಂಥ ಲೆಕ್ಕ? ಮೋಟಾರು ಅಪಘಾತದ ಮಟ್ಟಿಗೆ ಸತ್ತವನ ಸೋದರನೂ ಪರಿಹಾರ ಕೇಳಬಹುದು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1987ರಲ್ಲಿ.

1939ರ ಮೋಟಾರು ವಾಹನ ಕಾಯ್ದೆಯ ಕಡ್ಡಾಯ ವಿಮೆ ಜಾರಿಯಾದದ್ದು 1946ರಲ್ಲಿ. ಸಿವಿಲ್ ಕೋರ್ಟಿನ ಅಲೆದಾಟ ತಪ್ಪಿಸಲು ಪ್ರತ್ಯೇಕ ನ್ಯಾಯಮಂಡಳಿಗೆ ದಾರಿಯಾದದ್ದು 1956ರ ತಿದ್ದುಪಡಿಯಿಂದ. ಆದರೂ ಚಾಲಕನ ತಪ್ಪನ್ನು ಸಾಬೀತು ಮಾಡುವ ಹೊಣೆ ಮನೆಯವರದ್ದೇ ಅಂತ 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಗಂಡನನ್ನು ಕಳೆದುಕೊಂಡವಳು ನಡುರಸ್ತೆಯ ಸಾಕ್ಷಿಯನ್ನು ಎಲ್ಲಿಂದ ತರಬೇಕು? 1982ರಲ್ಲಿ ಕಾನೂನು ಸ್ವಲ್ಪ ಕಣ್ಣು ಬಿಟ್ಟಿತು. ತಪ್ಪು ಯಾರದ್ದೇ ಇರಲಿ, ಸಾವಿಗೆ 15,000 ರೂಪಾಯಿ. 1988ರಲ್ಲಿ ಅದು 25,000, 1994ರಲ್ಲಿ 50,000 ಆಯಿತು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ 1994ರಿಂದ ಕೊಡುತ್ತಿದ್ದದ್ದು 25,000. ಅದು 2 ಲಕ್ಷವಾಗಲು 2022ರ ಏಪ್ರಿಲ್ ಬರಬೇಕಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಮನೆಯಲ್ಲಿ ದುಡಿಯುವ ಹೆಂಗಸಿನ ಲೆಕ್ಕ. 1994ರ ಪಟ್ಟಿಯಲ್ಲಿ, ಸಂಬಳವಿಲ್ಲದ ಹೆಂಡತಿಯ ಆದಾಯವೆಂದರೆ ಗಂಡನ ಆದಾಯದಲ್ಲಿ ಮೂರನೇ ಒಂದು ಪಾಲು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರೂ ಮಲಗಿದ ಮೇಲೆ ಮಲಗುವವಳಿಗೆ ಈ ದರ! ಗಂಡನ ಸಂಬಳ ಕಡಿಮೆಯಿದ್ದರೆ ಅವಳ ಅಡುಗೆಯೂ ಅಗ್ಗವಾಗುತ್ತದೆಯೇ? 2010ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು, 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಸಾಲಿಗೆ ಸೇರಿಸಿದ್ದನ್ನು ಎತ್ತಿ ಹೇಳಿ ಖಂಡಿಸಿದರು. 2021ರ ಜನವರಿಯಲ್ಲಿ ಅದೇ ಕೋರ್ಟು, ಗೃಹಿಣಿಯ ದುಡಿಮೆಗೆ ಆದಾಯ ಲೆಕ್ಕ ಹಾಕುವುದು ಆ ದುಡಿಮೆಗೆ ಕೊಡುವ ಮನ್ನಣೆ ಅಂತ ಮತ್ತೆ ಹೇಳಿತು.

ಯಾವ ಕೋರ್ಟೂ ಹೋದವರನ್ನು ತಂದುಕೊಡುವುದಿಲ್ಲ, ನಿಜ. ಆದರೆ ಮಕ್ಕಳ ಶಾಲೆ ಫೀಸು, ಮನೆ ಬಾಡಿಗೆ, ಮುದುಕರ ಮಾತ್ರೆ ಇವೆಲ್ಲ ತಿಥಿ ಮುಗಿದ ಮೇಲೂ ಇರುತ್ತವಲ್ಲ? ಆದ್ದರಿಂದ ನಿಮ್ಮ ಪರಿಚಯದ ಯಾರಾದರೂ ಸಂಕೋಚದಿಂದ ಹಿಂಜರಿಯುತ್ತಿದ್ದರೆ, ಎಫ್‌ಐಆರ್ ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಲು, ಬೇಗ ವಕೀಲರನ್ನು ಕಾಣಲು ಹೇಳಿ. 2019ರ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಗಡುವನ್ನೂ ತಂದಿದೆ. ಅವರು ಕೇಳುತ್ತಿರುವುದು ಭಿಕ್ಷೆಯಲ್ಲ, ಬಾಕಿ.