ಮನೆಯವರ ಮಾತು, ರೋಗಿಯ ಮಾತು: ಕಲಬುರಗಿ–ಕಮಲಾಪುರ ಭಾಗದಲ್ಲಿ ಸೈಕೋಸಿಸ್ ಕುರಿತ ಸಂವಾದಕ್ಕೆ ಒಂದು ಚೌಕಟ್ಟು

ಸಾರಾಂಶ

ಸೈಕೋಸಿಸ್ ಕುರಿತು ವೈದ್ಯರು, ಸಂಶೋಧಕರು ಮತ್ತು ಆ ಕಾಯಿಲೆಯನ್ನು ಸ್ವತಃ ಅನುಭವಿಸಿದವರು ಒಟ್ಟಿಗೆ ಕೂತು ಮಾತಾಡುವ ವ್ಯವಸ್ಥೆ ಕಲಬುರಗಿ ಭಾಗದಲ್ಲಿ ಹೇಗಿರಬೇಕು ಎಂಬುದು ಈ ಲೇಖನದ ಪ್ರಶ್ನೆ. ಕರ್ನಾಟಕದ ಸಮುದಾಯ ಮನೋವೈದ್ಯಕೀಯವು ಕುಟುಂಬದ ಹೆಗಲ ಮೇಲೆ ನಿಂತು ಬಹಳಷ್ಟು ಸಾಧಿಸಿದೆ. ಅದರ ಜೊತೆಗೇ ಮನೆಯವರ ಮಾತನ್ನೇ ರೋಗಿಯ ಮಾತೆಂದು ಎಣಿಸುವ ರೂಢಿಯೂ ಬೆಳೆದಿದೆ. ಇಬ್ಬರಿಗೂ ಪ್ರತ್ಯೇಕ ಸ್ಥಾನ ಕೊಡದ ಸಂವಾದ ಅಪೂರ್ಣವೆಂಬುದು ಇಲ್ಲಿನ ವಾದ.

ಪೀಠಿಕೆ

ಎದುರಿಗೆ ಯಾರೂ ಇಲ್ಲದಿದ್ದರೂ ಧ್ವನಿ ಕೇಳಿಸುವುದು, ತನ್ನ ವಿರುದ್ಧ ಸಂಚು ನಡೆದಿದೆಯೆಂದು ಬಲವಾಗಿ ನಂಬುವುದು, ಯೋಚನೆ–ಮಾತಿನ ಎಳೆ ತಪ್ಪುವುದು ಸೈಕೋಸಿಸ್‌ನ ಮುಖ್ಯ ಲಕ್ಷಣಗಳು. ಈ ಗುಂಪಿನಲ್ಲಿ ಹೆಚ್ಚು ಚರ್ಚೆಗೊಳಗಾದದ್ದು ಸ್ಕಿಜೋಫ್ರೇನಿಯಾ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 1.4ರಷ್ಟು ಮಂದಿ ಜೀವನದಲ್ಲಿ ಎಂದಾದರೊಮ್ಮೆ ಇಂಥ ಕಾಯಿಲೆಗೆ ತುತ್ತಾಗಿದ್ದರು. ಸಮೀಕ್ಷೆಯ ಹೊತ್ತಿಗೆ ಬಳಲುತ್ತಿದ್ದವರು ಸುಮಾರು ಶೇ 0.4. ಅವರಲ್ಲಿ ಮುಕ್ಕಾಲು ಪಾಲು ಜನರಿಗೆ ಚಿಕಿತ್ಸೆ ತಲುಪಿರಲಿಲ್ಲ. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಪ್ರಾಯೋಗಿಕ ಹಂತ ಮಾತ್ರ ಕೋಲಾರ ಜಿಲ್ಲೆಯಲ್ಲಿ ನಡೆದಿತ್ತು. ಹೀಗಾಗಿ ಈ ಅಂಕಿಗಳು ನಮಗೆ ಅಂದಾಜು ಮಾತ್ರ. ಅದೇ ಪ್ರಮಾಣ ಹಿಡಿದರೆ ಒಂದು ಲಕ್ಷ ವಯಸ್ಕರಲ್ಲಿ 400 ಮಂದಿ ಬಾಧಿತರು, ಅವರಲ್ಲಿ 300 ಮಂದಿ ಚಿಕಿತ್ಸೆಯಿಂದ ಹೊರಗಿರುವವರು.

ಆ 300 ಮಂದಿಯ ಮನೆಗಳು ಕೈಕಟ್ಟಿ ಕೂತಿರುವುದಿಲ್ಲ. ಕಲಬುರಗಿ ಸೀಮೆಯಲ್ಲಿ ‘ಗಾಳಿ ಸೋಕ್ಯಾದ’, ‘ಯಾರೋ ಮಾಡಿಸ್ಯಾರ’ ಎಂಬ ಮಾತು ಎದ್ದ ಕೂಡಲೇ ಓಡಾಟ ಶುರುವಾಗುತ್ತದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನ ಸನ್ನಿಧಿಗೆ ಪೀಡೆ ಕಳೆದುಕೊಳ್ಳಲು ದೂರದೂರದಿಂದ ಜನ ಬರುತ್ತಾರೆ. ನಗರದ ಖಾಜಾ ಬಂದಾನವಾಜರ ದರ್ಗಾಕ್ಕೆ ಎಲ್ಲ ಮತದವರೂ ಹರಕೆ ಹೊರುತ್ತಾರೆ. ಆಸ್ಪತ್ರೆ ಬಹುತೇಕ ಈ ದಾರಿಯ ಕೊನೆಯ ನಿಲ್ದಾಣ. ಈ ಓಡಾಟದ ಉದ್ದಕ್ಕೂ ಎಲ್ಲಿಗೆ ಹೋಗಬೇಕೆಂಬ ತೀರ್ಮಾನ ಮನೆಯವರದ್ದು.

ಕರ್ನಾಟಕದ ಅನುಭವ

ಊರಿಗೇ ಹೋಗಿ ಚಿಕಿತ್ಸೆ ಕೊಡುವ ವಿಚಾರದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿಸಿದೆ. 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸ್ ಗ್ರಾಮೀಣ ಕೇಂದ್ರ ತೆರೆಯಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮತ್ತು ಸಿಬ್ಬಂದಿಗೆ ತರಬೇತಿ ಕೊಟ್ಟು, ಅಗತ್ಯ ಔಷಧಗಳನ್ನು ಅಲ್ಲಿಯೇ ಸಿಗುವಂತೆ ಮಾಡಲಾಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. ಮುಂದೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ಸಂಶೋಧಕರು ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಗುರುತಿಸಿ ವರ್ಷಗಟ್ಟಲೆ ಹಿಂಬಾಲಿಸಿದರು. ಔಷಧ ಪಡೆದವರಲ್ಲಿ ದೈನಂದಿನ ಅಸಾಮರ್ಥ್ಯ ಗಣನೀಯವಾಗಿ ತಗ್ಗಿತೆಂಬುದು ಆ ಅಧ್ಯಯನದಿಂದ ಸಿಕ್ಕ ದೊಡ್ಡ ತಿಳಿವಳಿಕೆ. ಆದ್ದರಿಂದ ಸಂವಾದದ ಪರವಾದ ಯಾವ ವಾದವೂ ಔಷಧದ ವಿರುದ್ಧದ ವಾದ ಆಗಬೇಕಾಗಿಲ್ಲ.

ಈ ಪ್ರಯೋಗಗಳಲ್ಲಿ ವೈದ್ಯರೂ ಸಂಶೋಧಕರೂ ರೋಗಿಯ ಮನೆ ಬಾಗಿಲಿಗೆ ಹೋದರು, ರೋಗಿಯ ಅಸಾಮರ್ಥ್ಯವನ್ನು ಅಳೆದರು, ಮನೆಯವರ ಹೊರೆಯನ್ನು ಅಳೆದರು. ಆದರೆ ಏನನ್ನು ಅಳೆಯಬೇಕು ಎಂದು ನಿರ್ಧರಿಸುವ ಜಾಗದಲ್ಲಿ ರೋಗಿ ಇರಲಿಲ್ಲ.

ಕುಟುಂಬ ಪ್ರತಿನಿಧಿಯಾದ ಬಗೆ

ರೋಗಿಯ ಜಾಗದಲ್ಲಿ ಮನೆಯವರೇ ಮಾತಾಡುವ ರೂಢಿಗೆ ಹಿನ್ನೆಲೆಯಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಬಂಧುಗಳನ್ನೂ ಉಳಿಸಿಕೊಂಡರು. ಭಾರತೀಯ ಮನೋವೈದ್ಯಕೀಯ ಹೆಮ್ಮೆಪಡುವ ಹೆಜ್ಜೆ ಅದು. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ದೇಶದಲ್ಲಿ ಕುಟುಂಬದ ನೆರವಿಲ್ಲದೆ ಚಿಕಿತ್ಸೆ ನಡೆಯುವಂತೆಯೇ ಇರಲಿಲ್ಲ. ಕ್ರಮೇಣ ನೆರವಿಗೆ ಬಂದವರೇ ವಕ್ತಾರರೂ ಆದರು.

ಇದು ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡಲು ತಾಲ್ಲೂಕು ಆಸ್ಪತ್ರೆಯ ಒಂದು ಭೇಟಿಯನ್ನು ಕಲ್ಪಿಸಿಕೊಳ್ಳಬಹುದು. ಇದು ಯಾರದೇ ನಿಜ ಪ್ರಕರಣವಲ್ಲ, ವಿಶ್ಲೇಷಣೆಗೆ ಕಟ್ಟಿಕೊಂಡ ಮಾದರಿ. ತಮ್ಮನನ್ನು ಕರೆದುಕೊಂಡು ಅಣ್ಣ ಬಂದಿದ್ದಾನೆ. ‘ಈಗ ಹ್ಯಾಂಗ ಅದಾನ?’ ಎಂದು ವೈದ್ಯರು ಕೇಳುವುದು ಅಣ್ಣನನ್ನು. ‘ಆರಾಮ ಅದಾನ್ರಿ. ಮೊದ್ಲಿನಂಗ ಒದರಾಡಂಗಿಲ್ಲ, ಸುಮ್ನ ಮಕ್ಕೊಂಡಿರ್ತಾನ.’ ಚೀಟಿಯಲ್ಲಿ ‘ಸುಧಾರಣೆ’ ಎಂದು ದಾಖಲಾಗುತ್ತದೆ, ಅದೇ ಮಾತ್ರೆ ಮುಂದುವರಿಯುತ್ತದೆ. ತಮ್ಮನನ್ನೇ ಕೇಳಿದ್ದರೆ ಅವನು ಹೇಳಬಹುದಾಗಿದ್ದದ್ದು: ‘ಧ್ವನಿ ಇನ್ನಾ ಬರ್ತಾವ್ರಿ. ಗುಳಿಗಿ ತಗೊಂಡ್ರ ಕೈಕಾಲು ಬಿಗೀತಾವ, ಹೊಲದಾಗ ಕೆಲಸ ಆಗವಲ್ದು.’ ಅಣ್ಣ ಸುಳ್ಳು ಹೇಳಲಿಲ್ಲ. ಗಲಾಟೆ ನಿಂತದ್ದು ಮನೆಗೆ ನೆಮ್ಮದಿ ತಂದಿದೆ. ಆದರೆ ಮನೆಯ ನೆಮ್ಮದಿ ಬೇರೆ, ರೋಗಿಯ ಚೇತರಿಕೆ ಬೇರೆ. ಸ್ನಾಯು ಬಿಗಿಯುವುದು, ನಡುಕ, ಮಂಪರು, ತೂಕ ಏರುವುದು ಸೈಕೋಸಿಸ್ ಔಷಧಗಳ ಗೊತ್ತಿರುವ ಅಡ್ಡಪರಿಣಾಮಗಳು. ಮಾತ್ರೆ ಬಿಟ್ಟುಬಿಡಲು ಅವೂ ಒಂದು ಮುಖ್ಯ ಕಾರಣ.

ರೋಗಿಯನ್ನೇ ಕೇಳಬೇಕೆಂಬ ಮಾತು ಸಂಶೋಧನೆಗೂ ಅನ್ವಯಿಸುತ್ತದೆ. ಮಾನವಶಾಸ್ತ್ರಜ್ಞೆ ಟಾನ್ಯಾ ಲೂರ್ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇವೊ, ಘಾನಾದ ಅಕ್ರಾ ಮತ್ತು ಚೆನ್ನೈಯಲ್ಲಿ ತಲಾ 20 ಮಂದಿಯನ್ನು ಅವರಿಗೆ ಕೇಳಿಸುವ ಧ್ವನಿಗಳ ಬಗ್ಗೆಯೇ ಮಾತಾಡಿಸಿದರು. ಚೆನ್ನೈಯವರಲ್ಲಿ ಹಲವರಿಗೆ ಕೇಳಿಸುತ್ತಿದ್ದದ್ದು ಬಂಧುಗಳ ಧ್ವನಿ. ಅದು ಬೈಯುತ್ತಿತ್ತು, ಮನೆಗೆಲಸ ಹೇಳುತ್ತಿತ್ತು. ಧ್ವನಿ ಇದೆಯೋ ಇಲ್ಲವೋ ಎಂದಷ್ಟೇ ಗುರುತು ಹಾಕುವ ನಮೂನೆಯಲ್ಲಿ ಈ ತಿಳಿವಳಿಕೆ ಸಿಗುತ್ತಿರಲಿಲ್ಲ.

ಕಾನೂನು ಕೊಟ್ಟದ್ದು, ಬಿಟ್ಟದ್ದು

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ರೋಗಿಯ ಮಾತಿಗೆ ಬಲ ಕೊಟ್ಟಿತು. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕು, ತನ್ನ ಪ್ರತಿನಿಧಿಯನ್ನು ತಾನೇ ಹೆಸರಿಸುವ ಹಕ್ಕು ಅದರಲ್ಲಿವೆ. ಸರಪಳಿ ಹಾಕುವುದನ್ನು ಅದು ಸಂಪೂರ್ಣ ನಿಷೇಧಿಸಿದೆ. ಕಾಯ್ದೆಯಡಿಯ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಅನುಭವಿಸಿದವರ ಪ್ರತಿನಿಧಿಗಳಿಗೆ, ಆರೈಕೆದಾರರ ಪ್ರತಿನಿಧಿಗಳಿಗೆ, ಸ್ವಯಂಸೇವಾ ಸಂಸ್ಥೆಗಳಿಗೆ ಪ್ರತ್ಯೇಕ ಸ್ಥಾನಗಳಿವೆ. ಆದರೆ ಜನರಿಗೆ ಹತ್ತಿರವಾದ, ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಬಂದಾಗ ಈ ಮೂವರನ್ನೂ ಒಂದೇ ವರ್ಗಕ್ಕೆ ಸೇರಿಸಿ ಎರಡು ಸ್ಥಾನ ಕೊಡಲಾಗಿದೆ. ಎರಡನ್ನೂ ಸಂಸ್ಥೆಗಳವರಿಂದ ತುಂಬಿದರೂ ಕಾನೂನು ಪಾಲಿಸಿದಂತೆಯೇ. ರಾಜಧಾನಿಯಲ್ಲಿ ಒಪ್ಪಿಕೊಂಡ ವ್ಯತ್ಯಾಸ ಜಿಲ್ಲೆಯಲ್ಲಿ ಅಳಿಸಿಹೋಗಿದೆ.

ಹ್ಯಾಂಬರ್ಗ್‌ನ ಪಾಠ

ಈ ವ್ಯತ್ಯಾಸವನ್ನೇ ಅಡಿಪಾಯ ಮಾಡಿಕೊಂಡ ಪ್ರಯೋಗ 1989ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಆರಂಭವಾದ ‘ಸೈಕೋಸಿಸ್ ಸೆಮಿನಾರ್’. ಮನಶ್ಶಾಸ್ತ್ರಜ್ಞ ಥಾಮಸ್ ಬಾಕ್ ಜೊತೆ ಅದನ್ನು ಕಟ್ಟಿದ ಡೊರೊಥಿಯಾ ಬುಕ್ (1917–2019) ಸ್ವತಃ ಸೈಕೋಸಿಸ್ ಅನುಭವಿಸಿದವರು. ನಾತ್ಸಿ ಆಡಳಿತದಲ್ಲಿ, 1936ರಲ್ಲಿ, ಬಲವಂತದ ಸಂತಾನಹರಣಕ್ಕೆ ಗುರಿಯಾದವರು. ಆಸ್ಪತ್ರೆಯಲ್ಲಿ ತನ್ನೊಂದಿಗೆ ಯಾರೂ ಮಾತಾಡಲೇ ಇಲ್ಲ ಎಂಬುದು ಅವರ ಜೀವನದುದ್ದದ ದೂರು. ಅನುಭವಿಸಿದವರು, ಬಂಧುಗಳು, ವೃತ್ತಿಪರರು ಆ ಸೆಮಿನಾರಿನಲ್ಲಿ ಮೂರು ಸಮಾನ ಪಕ್ಷಗಳು. ಅದು ಚಿಕಿತ್ಸೆಯ ಸಭೆಯಲ್ಲ. ಅಲ್ಲಿ ಯಾರೂ ಯಾರ ರೋಗಿಯೂ ಅಲ್ಲ.

ಕಲಬುರಗಿ–ಕಮಲಾಪುರಕ್ಕೆ ಒಗ್ಗುವ ರೂಪ

ಬೇಕಾದ ಪಕ್ಷಗಳೆಲ್ಲ ಇಲ್ಲಿಯೇ ಇವೆ. ನಗರದಲ್ಲಿ 1963ರಲ್ಲಿ ಸ್ಥಾಪನೆಯಾದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು, ಸರ್ಕಾರಿ ಜಿಮ್ಸ್ ಸೇರಿ ಹಲವು ವೈದ್ಯಕೀಯ ಕಾಲೇಜುಗಳಿವೆ. ಸಂಶೋಧನೆಗೆ ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಮಟ್ಟದಲ್ಲಿ ರೋಗಿಗಳನ್ನು ನೋಡುವ ಪದ್ಧತಿಯಿದೆ. ಹುಮನಾಬಾದ್ ರಸ್ತೆಯ ಕಮಲಾಪುರದಂಥ ಹೊಸ ತಾಲ್ಲೂಕಿನಲ್ಲಿ ಸಂವಾದ ಆರಂಭಿಸಲು ಅದೇ ದಿನ ಅನುಕೂಲ: ಬಸ್ಸಿನ ಖರ್ಚು, ಕಳೆದುಹೋದ ಕೂಲಿ ಎರಡನ್ನೂ ಜನ ಆಗಲೇ ತೆತ್ತಿರುತ್ತಾರೆ.

ನಾಲ್ಕು ನಿಯಮಗಳು ಮುಖ್ಯ. ಒಂದು, ಸಭೆ ಆಸ್ಪತ್ರೆಯೊಳಗೆ ಬೇಡ. ಗ್ರಂಥಾಲಯ ಅಥವಾ ಸಾರ್ವಜನಿಕ ಸಭಾಂಗಣ ಸಾಕು. ಮೊದಲ ಅರ್ಧದಲ್ಲಿ ಬಾಧಿತರು ಮತ್ತು ಮನೆಯವರು ಬೇರೆ ಬೇರೆ ಕೂತು, ನಂತರ ಎಲ್ಲರೂ ಸೇರಬೇಕು. ಎರಡು, ಇಲ್ಲಿನ ಕನ್ನಡ, ದಖನಿ ಉರ್ದು, ತಾಂಡಾಗಳ ಲಂಬಾಣಿ ಮೂರಕ್ಕೂ ಎಡೆಯಿರಬೇಕು. ಮಾತು ದಾಟಿಸುವವರು ರೋಗಿಯ ಬಂಧುವಾಗಿರಬಾರದು. ಮೂರು, ಸಂಶೋಧಕರು ಬರೆದುಕೊಂಡದ್ದನ್ನು ಮುಂದಿನ ಸಭೆಯಲ್ಲಿ ಓದಿ ಹೇಳಬೇಕು, ಒಪ್ಪಿಗೆಯಿಲ್ಲದೆ ಅದು ಪ್ರಬಂಧಕ್ಕಾಗಲಿ ಆಸ್ಪತ್ರೆಯ ದಾಖಲೆಗಾಗಲಿ ಹೋಗಬಾರದು. ನಾಲ್ಕು, ಬಂದವರಿಗೆ ಕೂಲಿಯ ಭತ್ಯೆ ಸಲ್ಲಬೇಕು. ತೊಗರಿ ರಾಶಿಯ ಡಿಸೆಂಬರ್–ಜನವರಿಯಲ್ಲಿ ಸಭೆ ಇಡಬಾರದು.

ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಕಾಯಿಲೆ ಇರುವವರಿಗೆ ತಮ್ಮ ಸ್ಥಿತಿಯ ಅರಿವೇ ಇರುವುದಿಲ್ಲ ಎಂಬುದು ಮೊದಲನೆಯದು. ತೀವ್ರ ಹಂತದಲ್ಲಿ ಇದು ಎಷ್ಟೋ ಸಲ ನಿಜ. ಆ ಹಂತದಲ್ಲಿರುವವರಿಗೆ ಬೇಕಾದದ್ದು ಚಿಕಿತ್ಸೆ, ಸಭೆಯಲ್ಲ. ಆದರೆ ಆ ಹಂತ ದಾಟಿದವರಿಗೂ ಅದೇ ಕಾರಣ ಹೇಳಿ ಬಾಯಿ ಮುಚ್ಚಿಸುವುದಕ್ಕೆ ಆಧಾರವಿಲ್ಲ. ಹೊರೆ ಹೊರುವ ಮನೆಯವರನ್ನು ಪಕ್ಕಕ್ಕೆ ಸರಿಸಿದಂತಾಗುತ್ತದೆ ಎಂಬುದು ಎರಡನೆಯದು. ಪ್ರತ್ಯೇಕ ಸ್ಥಾನದಿಂದ ಮನೆಯವರಿಗೂ ಲಾಭವಿದೆ: ರೋಗಿಯ ಎದುರು ಆಡಲಾಗದ ತಮ್ಮ ದಣಿವು, ಸಾಲ, ಮದುವೆ ನಿಂತ ಮಗಳ ಚಿಂತೆಯನ್ನು ಅವರು ತಮ್ಮದೆಂದೇ ಹೇಳಿಕೊಳ್ಳಬಹುದು.

ಉಪಸಂಹಾರ

ಒಟ್ಟಿಗೆ ಕೂತ ಮಾತ್ರಕ್ಕೆ ಸಮಾನತೆ ಬರುವುದಿಲ್ಲ. ಯಾರ ಮಾತಿನಿಂದ ಯಾವುದು ಬದಲಾಯಿತು ಎಂಬುದೇ ಅಳತೆಗೋಲು. ಪರಿಶೀಲನಾ ಮಂಡಳಿಯ ಎರಡು ಸ್ಥಾನಗಳಲ್ಲಿ ಒಂದನ್ನು ಕಾಯಿಲೆ ಅನುಭವಿಸಿದವರಿಗೇ ಕೊಡಲು ಕಾಯ್ದೆ ತಿದ್ದಬೇಕಿಲ್ಲ, ನೇಮಕ ಮಾಡುವವರು ಮನಸ್ಸು ಮಾಡಿದರೆ ಸಾಕು. ಕಮಲಾಪುರದ ಸಂವಾದಕ್ಕೂ ಇದೇ ಕಟ್ಟುನಿಟ್ಟು ಇರಲಿ. ಒಂದು ವರ್ಷ ನಡೆದ ಮೇಲೂ ಔಷಧದ ಪ್ರಮಾಣ ನಿರ್ಧರಿಸುವ ಕ್ರಮ, ಚಿಕಿತ್ಸಾಲಯ ನಡೆಯುವ ರೀತಿ, ಸಂಶೋಧಕರು ಎತ್ತಿಕೊಳ್ಳುವ ಪ್ರಶ್ನೆ ಈ ಮೂರರಲ್ಲಿ ಒಂದೂ ಬಾಧಿತರ ಮಾತಿನಿಂದ ಬದಲಾಗದಿದ್ದರೆ, ಹಾಜರಿ ಎಷ್ಟೇ ಇದ್ದರೂ ಪ್ರಯೋಗ ಸೋತಿತೆಂದೇ ವರದಿಯಲ್ಲಿ ಬರೆಯಬೇಕು.